ಒಬ್ಬ ರಿಕ್ರೂಟನಿಗಾಗಿ ನಿಂತ ರೈಲು

2024ರ ಬೇಸಿಗೆಯಲ್ಲಿ ನಾನು ಚೆನ್ನೈನಲ್ಲಿ ರೈಲ್ವೆಯ ಸೀನಿಯರ್ ಸೆಕ್ಷನ್ ಇಂಜಿನಿಯರ್ ಆಗಿದ್ದೆ. ಈಗಲೂ ಅದೇ ಆಗಿದ್ದೇನೆ. ಈ ಹುದ್ದೆಯಲ್ಲಿ ಮನುಷ್ಯ ಮೇಲೇರುವುದಕ್ಕಿಂತ ಬೇರು ಬಿಡುವುದೇ ಹೆಚ್ಚು. ನನ್ನ ವಿಭಾಗದ ಹೆಸರು ಪರ್ಮನೆಂಟ್ ವೇ, ಎಂದರೆ ಶಾಶ್ವತ ಮಾರ್ಗ. ಹೆಸರು ಕೇಳಿದವರಿಗೆ ಇದು ಮೋಕ್ಷಕ್ಕೆ ಸಂಬಂಧಪಟ್ಟ ಇಲಾಖೆ ಅನ್ನಿಸಬಹುದು. ವಾಸ್ತವದಲ್ಲಿ ಹಳಿ, ಅದರಡಿಯ ಅಡ್ಡಪಟ್ಟಿಗಳಾದ ಸ್ಲೀಪರ್, ಜಲ್ಲಿ, ಇವು ಮೂರೂ ನಿನ್ನೆ ಇದ್ದ ಜಾಗದಲ್ಲೇ ಇವತ್ತೂ ಇರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ತಾಂಬರಂನಿಂದಾಚೆ ಒಂದಷ್ಟು ದೂರದ ಮಾರ್ಗ ನನ್ನ ಸುಪರ್ದಿಯಲ್ಲಿತ್ತು. ಟ್ರ್ಯಾಕ್‌ಮನ್‌ಗಳು, ದಿನಾ ಹಳಿಯುದ್ದಕ್ಕೂ ನಡೆದು ಸಡಿಲಾದದ್ದನ್ನು ಸುತ್ತಿಗೆಯಿಂದ ಬಿಗಿಮಾಡುವ ಕೀಮನ್‌ಗಳು, ಕೆಲವು ಲೆವೆಲ್ ಕ್ರಾಸಿಂಗ್‌ಗಳ ಗೇಟ್‌ಮನ್‌ಗಳು ನನ್ನ ಕೈಕೆಳಗಿದ್ದರು.

ಆ ಬೇಸಿಗೆಯಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ನಾನು ಸೈನಿಕನಾಗಲು ಹೊರಟೆ.

ಓದುಗರು ಗಾಬರಿಯಾಗಬಾರದು, ದೇಶಕ್ಕೆ ಅಂಥ ಪರಿಸ್ಥಿತಿಯೇನೂ ಬಂದಿರಲಿಲ್ಲ. ರೈಲ್ವೆ ನೌಕರರನ್ನೇ ಸೇರಿಸಿ ಕಟ್ಟಿದ ಅರೆಕಾಲಿಕ ಸೇನಾ ತುಕಡಿಗಳು ಇರುತ್ತವೆ. ವರ್ಷದ ಹೆಚ್ಚಿನ ಭಾಗ ಅವರವರ ಕೆಲಸ, ಕೆಲವು ವಾರ ಮಾತ್ರ ಸಮವಸ್ತ್ರ. ಯುದ್ಧ, ಪ್ರವಾಹ, ಇಂಥ ಹೊತ್ತಿನಲ್ಲಿ ರೈಲು ನಿಲ್ಲದಂತೆ ನೋಡಿಕೊಳ್ಳುವುದು ಅವರ ಹೊಣೆ. ಸೇರುವಾಗ ವಯಸ್ಸು ನಲವತ್ತೆರಡು ತುಂಬಿರಬಾರದು. ಮೊದಲ ಶಿಬಿರದಲ್ಲಿ ಎಲ್ಲರೂ, ರೈಲ್ವೆಯಲ್ಲಿ ಏನೇ ಆಗಿದ್ದರೂ, ಬರೀ ರಿಕ್ರೂಟ್‌ಗಳು. ಶಿಬಿರದ ಕೊನೆಯ ಪರೀಕ್ಷೆ ಪಾಸಾದರೆ ಪ್ರಮಾಣವಚನ, ಫೇಲಾದರೆ ಮುಂದಿನ ವರ್ಷ ಮತ್ತೆ ಬರಬಹುದು. ನನಗೆ ಮುಂದಿನ ವರ್ಷ ಎಂಬುದು ಇರಲಿಲ್ಲ.

ಸೇರಿದ್ದಕ್ಕೆ ಕಾರಣ ವೇಲಚೇರಿಯಲ್ಲಿ ನಮ್ಮ ಮನೆ ನೆಲಮಹಡಿಯಲ್ಲಿದ್ದದ್ದು. ಹಿಂದಿನ ಡಿಸೆಂಬರ್‌ನಲ್ಲಿ ನೀರು ನಡುಮನೆಗೆ ಬಂದಾಗ ನಾನು ಫ್ರಿಜ್ಜನ್ನು ತಬ್ಬಿಕೊಂಡು ಅದನ್ನು ಮಂಚದ ಮೇಲೇರಿಸುವ ಲೆಕ್ಕಾಚಾರದಲ್ಲಿದ್ದೆ. ಬಾಗಿಲಿಗೆ ಒಂದು ದೋಣಿ ಬಂತು. ಅದರಲ್ಲಿ ಹಸಿರು ಸಮವಸ್ತ್ರದ ನಾಲ್ವರು. ಮುಂದೆ ನಿಂತವನು ನನ್ನದೇ ಸೆಕ್ಷನ್ನಿನ ಕೀಮನ್ ಮಾದೇವ. ಅವನು ಆ ತುಕಡಿಯ ಹವಾಲ್ದಾರ್ ಎಂದು ನನಗೆ ಗೊತ್ತಿತ್ತು. ರಜೆ ಮಂಜೂರು ಮಾಡುತ್ತಿದ್ದವನು ನಾನೇ. ಆದರೆ ಗೊತ್ತಿರುವುದು ಬೇರೆ, ಸೊಂಟದವರೆಗೆ ನೀರಲ್ಲಿ ನಿಂತು ನೋಡುವುದು ಬೇರೆ.

"ಸಾ, ಅಮ್ಮಾವ್ರನ್ನೂ ಪಾಪುನೂ ಮೊದ್ಲು ಕಳ್ಸಿ. ನೀವು ಆ ಫ್ರಿಜ್ಜು ಬುಟ್ಬುಟ್ಟು ಆಚ್ಗೆ ಬನ್ನಿ."

ಬಿಟ್ಟುಬಂದೆ. ಅಷ್ಟು ವರ್ಷಗಳಲ್ಲಿ ಮಾದೇವ ನನಗೆ ಕೊಟ್ಟ ಮೊದಲ ಆಜ್ಞೆ ಅದು. ಪಾಲಿಸಿದಾಗ ಮನಸ್ಸಿಗೆ ಎಂಥದೋ ನೆಮ್ಮದಿಯಾಯಿತು. ಸಹಿ ಮಾಡುವುದರಲ್ಲೇ ಅರ್ಧ ಆಯುಷ್ಯ ಕಳೆದವನಿಗೆ, ಮುಂದಿನ ನೀರಿಗೆ ತಾನೂ ದೋಣಿಯ ಒಳಗಡೆ ಇರಬೇಕು ಎನ್ನಿಸಿತು. ಹೆಂಡತಿ ಸುಧಾ ಮಾತ್ರ ಇದನ್ನು ಕೇಳಿ, "ದೋಣಿ ಮುಳುಗಲ್ವೇನ್ರೀ?" ಎಂದಳು. ಅಂದದ್ದು ನನ್ನ ಹೊಟ್ಟೆಯ ಕಡೆ ನೋಡುತ್ತಾ.

ಮಾದೇವ ತಾಳವಾಡಿ ಕಡೆಯವನು. ಮನೆಮಾತು ಕನ್ನಡ, ಶಾಲೆಯದು ತಮಿಳು, ಕವಾಯತು ಮಾಡಿಸುವುದು ಹಿಂದಿಯಲ್ಲಿ. ಮೂವತ್ತೈದು ದಾಟಿದ, ಮೀಸೆಯ ತುದಿಗೆ ಎಣ್ಣೆ ಹಚ್ಚುವ, ತನ್ನ ದನಿಯ ಬಗ್ಗೆ ಬಹಳ ಗೌರವವಿದ್ದ ಮನುಷ್ಯ. ಶಿಬಿರ ನಡೆದದ್ದು ಚೆನ್ನೈ ಹೊರವಲಯದ ಒಂದು ಮೈದಾನದಲ್ಲಿ. ನಮ್ಮ ಸ್ಕ್ವಾಡಿನಲ್ಲಿ ಇಪ್ಪತ್ತೆರಡು ಜನ, ಮಾದೇವ ನಮ್ಮ ಉಸ್ತಾದ್. ಸೇನೆಯಲ್ಲಿ ತರಬೇತುದಾರನಿಗೆ ಉಸ್ತಾದ್ ಎನ್ನುತ್ತಾರೆ. ಮೊದಲ ದಿನ ತಲೆ ಬೋಳಿಸಿ, ಬೂಟು ಕೊಟ್ಟು, ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಅವನು ನನ್ನೆದುರು ಬಂದು ನಿಂತ. ಇಬ್ಬರೂ ಒಂದು ಗಳಿಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಪರಸ್ಪರರ ಕಿವಿ ನೋಡಿದೆವು.

"ಹೆಸ್ರು?"

"ಶ್ರೀಕಂಠಸ್ವಾಮಿ, ಉಸ್ತಾದ್."

"ಉದ್ದ ಆಯ್ತು. ಸ್ವಾಮಿ. ಇಲ್ಲಿ ಸಾರ್ ಗೀರ್ ಯಾರೂ ಇಲ್ಲ. ಎಲ್ಲಾರ್ಗೂ ಹೇಳ್ತಿದೀನಿ."

ಹೇಳಿದ್ದು ಎಲ್ಲರಿಗೂ, ಕಷ್ಟವಾದದ್ದು ಅವನಿಗೇ. ನನ್ನನ್ನು ನೀವು ಎನ್ನುವಂತಿಲ್ಲ, ನೀನು ಎನ್ನಲು ನಾಲಿಗೆ ಹೊರಳದು. ಅದಕ್ಕೆ ಅವನೊಂದು ಉಪಾಯ ಕಂಡುಕೊಂಡ. ನನ್ನೊಡನೆ ಮಾತನಾಡುವಾಗೆಲ್ಲ, ನಾನು ಅಲ್ಲಿಲ್ಲವೇನೋ ಎಂಬಂತೆ, "ಸ್ವಾಮಿ ಕಾಲು ಎತ್ತಬೇಕು", "ಸ್ವಾಮಿ ಬಗ್ಗಬೇಕು" ಎನ್ನುತ್ತಿದ್ದ. ದೂರದಿಂದ ಕೇಳುವವರಿಗೆ ಯಾವುದೋ ದೇವಸ್ಥಾನದಲ್ಲಿ ಸೇವೆ ನಡೆಯುತ್ತಿದೆ ಅನ್ನಿಸುತ್ತಿತ್ತು.

ರೈಲ್ವೆಯವರಿಗೆ ಸೇನೆಯ ತರಬೇತಿ ಕೊಡುವುದು ಎಂಥ ಪ್ರಾರಬ್ಧ ಎಂಬುದು ಎರಡನೆಯ ದಿನವೇ ಸಾಬೀತಾಯಿತು. ಎಲ್ಲರೂ ಒಂದೆಡೆ ಸೇರಲಿ ಎಂದು ಮಾದೇವ ಜೋರಾಗಿ ಸೀಟಿ ಊದಿದ. ಹಳಿಯ ಮೇಲೆ ಕೆಲಸ ಮಾಡುವವರಿಗೆ ಸೀಟಿಗೆ ಒಂದೇ ಅರ್ಥ: ರೈಲು ಬರುತ್ತಿದೆ, ಕೈಯಲ್ಲಿದ್ದದ್ದನ್ನು ಎತ್ತಿಕೊಂಡು ಪಕ್ಕಕ್ಕೆ ಸರಿ. ಮೈದಾನದ ನಡುವೆ ಇದ್ದ ನಾವೆಲ್ಲ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಎರಡೂ ಬದಿಗೆ ಹಾರಿ, ಬಾರದ ರೈಲಿಗೆ ಮುಖ ಮಾಡಿ ನಿಂತೆವು. ನಡುವೆ ಉಳಿದವನು ಡೇವಿಡ್ ಒಬ್ಬನೇ. ಅವನು ತಿರುವೊಟ್ಟಿಯೂರಿನ ಬುಕಿಂಗ್ ಕ್ಲಾರ್ಕ್, ಜೀವಮಾನವೆಲ್ಲ ಕಿಟಕಿಯ ಹಿಂದೆ ಕೂತವನು. ಅವನು ಏನಾಯಿತೆಂದೇ ತಿಳಿಯದೆ ಕೈ ಮೇಲೆತ್ತಿ ಶರಣಾದವನ ಹಾಗೆ ನಿಂತಿದ್ದ. ಮಾದೇವ ಬೈಯಲು ಬಾಯಿ ತೆರೆದ. ಆದರೆ ತಾನೇ ಊದಿದ ಸೀಟಿಗೆ ಅವನೂ ಅರ್ಧ ಹೆಜ್ಜೆ ಪಕ್ಕಕ್ಕೆ ಇಟ್ಟಿದ್ದ. ಅದನ್ನು ನಾನು ನೋಡಿದೆ. ನೋಡಿದ್ದನ್ನು ಅವನೂ ನೋಡಿದ. ಅಂದು ಶಿಕ್ಷೆ ಸ್ವಲ್ಪ ಕಡಿಮೆಯೇ ಸಿಕ್ಕಿತು.

ಇದಕ್ಕಿಂತ ದೊಡ್ಡ ರೋಗ ನಡಿಗೆಯದು. ಕಿಲೋಮೀಟರಿಗೆ 1,660 ಸ್ಲೀಪರ್‌ಗಳು ಎಂಬುದು ನಮ್ಮ ಮಾರ್ಗದ ಲೆಕ್ಕ, ಎಂದರೆ ಒಂದರಿಂದ ಇನ್ನೊಂದಕ್ಕೆ ಅರವತ್ತು ಸೆಂಟಿಮೀಟರ್. ಹಳಿಯ ಮೇಲೆ ವರ್ಷಗಟ್ಟಲೆ ನಡೆದವನ ಕಾಲು ಆ ಅಳತೆಗೆ ಕೂತುಬಿಡುತ್ತದೆ. ರಸ್ತೆಯಲ್ಲೂ ಅಷ್ಟೇ, ಮದುವೆಮನೆಯಲ್ಲೂ ಅಷ್ಟೇ. ಕಣ್ಣು ಸದಾ ಕೆಳಗೆ. ಸೇನೆಯ ಹೆಜ್ಜೆ ಎಪ್ಪತ್ತೈದು ಸೆಂಟಿಮೀಟರ್, ಕಣ್ಣು ಮುಂದೆ. ಈ ಹದಿನೈದು ಸೆಂಟಿಮೀಟರಿನ ವ್ಯತ್ಯಾಸದಲ್ಲಿ ನನ್ನ ಸೈನಿಕ ಭವಿಷ್ಯ ಸಿಕ್ಕಿಬಿದ್ದಿತ್ತು. ಕೊನೆಯ ಪರೀಕ್ಷೆಯಲ್ಲಿ ಬೆನ್ನಿಗೆ ತೂಕದ ಚೀಲ, ಕೈಯಲ್ಲಿ ರೈಫಲ್, ಹತ್ತು ಕಿಲೋಮೀಟರ್, ಒಂದೂಮುಕ್ಕಾಲು ಗಂಟೆಯೊಳಗೆ. ಅಭ್ಯಾಸದ ನಡಿಗೆಗಳಲ್ಲಿ ನಾನು ಪ್ರತಿ ಸಲವೂ ಆ ಹೊತ್ತನ್ನು ದಾಟಿ, ತಲೆ ತಗ್ಗಿಸಿಕೊಂಡು, ಕಾಣದ ಸ್ಲೀಪರ್‌ಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾ ಬರುತ್ತಿದ್ದೆ.

"ಸ್ವಾಮಿ ಯಾಕೆ ನೆಲ ನೋಡ್ತದೆ? ಏನಾದ್ರೂ ಬಿದ್ದೋಗದಾ?" ಎಂದು ಮಾದೇವ ಕೇಳುತ್ತಿದ್ದ.

ಭಾನುವಾರ ಮನೆಯವರು ಬಂದು ನೋಡಬಹುದಿತ್ತು. ಸುಧಾ ಚಕ್ಕುಲಿಯನ್ನೂ ಕಾಲಿನ ಬೊಬ್ಬೆಗೆ ಮುಲಾಮನ್ನೂ ತಂದಳು. ಮಗಳು ನನ್ನ ತಲೆ ಕಂಡು "ಅಪ್ಪಾ, ಮೊಟ್ಟೈ ತಲೈ!" ಎಂದು ತಮಿಳಿನಲ್ಲಿ ಕೂಗಿ, ಬೋಳುತಲೆಯ ಮೇಲೆ ಕೈಯಾಡಿಸಿ ಖುಷಿಪಟ್ಟಳು. ನಡಿಗೆಯ ಕಷ್ಟ ಹೇಳಿಕೊಂಡೆ. ಸುಧಾ ದನಿ ತಗ್ಗಿಸಿದಳು.

"ಮಾದೇವಂಗೆ ಒಂದು ಮಾತು ಹೇಳಿದ್ರೆ ಆಗಲ್ವಾ? ಮುಂದಿನ ತಿಂಗಳು ಅವನ ಮೇಟ್ ಪರೀಕ್ಷೆ ಮಾಡೋರು ನೀವೇ ತಾನೆ?"

ಇದು ನಿಜ. ಟ್ರ್ಯಾಕ್‌ಮನ್‌ಗಳ ಒಂದು ತಂಡದ ಮುಖ್ಯಸ್ಥನಿಗೆ ಮೇಟ್ ಎನ್ನುತ್ತೇವೆ. ಮಾದೇವ ಆ ಬಡ್ತಿಗೆ ಅರ್ಜಿ ಹಾಕಿದ್ದ. ಅವನು ಕೆಲಸ ಬಲ್ಲನೋ ಇಲ್ಲವೋ ಎಂದು ಪರೀಕ್ಷಿಸಬೇಕಾದವನು ನಾನು. ಅಂದರೆ ಈ ತಿಂಗಳು ಅವನ ಕೈಯಲ್ಲಿ ನಾನು, ಮುಂದಿನ ತಿಂಗಳು ನನ್ನ ಕೈಯಲ್ಲಿ ಅವನು.

"ಹಾಗೆಲ್ಲ ಹೇಳೋಕಾಗಲ್ಲ."

"ಆಗಲ್ಲ ಅಂದ್ರೆ ಬೇಡ ಬಿಡಿ. ಸುಮ್ನೆ ಕೇಳ್ದೆ," ಎಂದು ಅವಳು ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದಳು. ಆ ವಾಸನೆಗೆ ಅಷ್ಟು ಹೊತ್ತಿಗಾಗಲೇ ಡೇವಿಡ್ ನಮ್ಮ ಹಿಂದೆ ಬಂದು ನಿಂತಿದ್ದ. ಕಿಟಕಿಯ ಹಿಂದೆ ಕೂತು ಕೂತು, ಗಲಾಟೆಯ ನಡುವೆಯೂ ಪಿಸುಮಾತು ಹಿಡಿಯುವ ಕಿವಿ ಅವನದು. ಕನ್ನಡ ಅವನಿಗೆ ಅರ್ಧ ಬರುತ್ತಿತ್ತು, ಆ ಅರ್ಧ ಸಾಕಾಯಿತು. ಸಂಜೆಯೊಳಗೆ ಇಡೀ ಸ್ಕ್ವಾಡಿಗೆ ಗೊತ್ತಾಯಿತು. "ನಿಮಗೆ ಎನ್ನ ಕವಲೈ ಸಾರ್? ನೀವು ಆಗಲೇ ಪಾಸು!" ಎಂದು ಅವನು ನನ್ನ ಚಿಂತೆಯನ್ನು ಪರಿಹರಿಸಿದ.

ಮಾರನೆಯ ದಿನ ನೀರಿನ ಟ್ಯಾಂಕಿನ ಬಳಿ ಬಾಟಲಿ ತುಂಬುತ್ತಿದ್ದೆ. ಮಾದೇವ ಪಕ್ಕಕ್ಕೆ ಬಂದ. ಅತ್ತಿತ್ತ ನೋಡಿ, ಶಿಬಿರ ಶುರುವಾದ ಮೇಲೆ ಮೊದಲ ಬಾರಿಗೆ ಹಳೆಯ ದನಿಯಲ್ಲಿ ಮಾತಾಡಿದ.

"ಸಾ, ಕೇಳುಸ್ಕಂಡ್ರಾ ಏನೇನ್ ಮಾತಾಡ್ತಾವ್ರೆ ಅಂತ?"

"ಕೇಳಿಸ್ತು ಮಾದೇವ."

"ನೀವು ಪಾಸಾದ್ರೆ, ಮೇಟ್ ಆಗಕ್ಕೆ ಮಾದೇವ ಬುಟ್ಕೊಟ್ಟ ಅಂತಾರೆ. ಫೇಲಾದ್ರೆ, ಸಾಹೇಬ್ರ ಮೇಲೆ ಸೇಡು ತೀರುಸ್ಕಂಡ ಅಂತಾರೆ. ನಂಗೆ ಎರಡ್ ಕಡೆನೂ ದಾರಿಯಿಲ್ಲ."

"ಹಾಗಾದ್ರೆ ನಾನು ಬಿಟ್ಟು ಹೋಗಲಾ?"

"ಹೋದ್ರೆ ನಾನೇ ಓಡ್ಸ್ದೆ ಅಂತಾರೆ." ಮೀಸೆಯ ಮೇಲೆ ಕೈಯಾಡಿಸಿದ. "ನೀವು ಪಾಸಾಗ್ಬೇಕು ಸಾ. ಅದೂ ಒಬ್ರೂ ಬಾಯ್ ತೆಗಿಯಕ್ಕೆ ಆಗ್ದಂಗೆ ಪಾಸಾಗ್ಬೇಕು."

ಆಮೇಲಿನ ದಿನಗಳನ್ನು ವಿವರಿಸಿ ಓದುಗರ ಸಹಾನುಭೂತಿ ಸಂಪಾದಿಸುವ ಇಚ್ಛೆ ನನಗಿಲ್ಲ. ಉಳಿದವರಿಗೆ ಬಿಡುವು ಕೊಟ್ಟಾಗ ನನಗೆ ನಡಿಗೆ. ಮೈದಾನದ ಅಂಚಿನಲ್ಲಿ ಮಾದೇವ ಸುಣ್ಣದ ಅಡ್ಡಗೆರೆಗಳನ್ನು ಎಳೆದ. ಎಪ್ಪತ್ತೈದು ಸೆಂಟಿಮೀಟರಿಗೊಂದು ಗೆರೆ, ಪ್ರತಿ ಗೆರೆಯ ಮೇಲೂ ಒಂದು ಹಿಮ್ಮಡಿ. ಎರಡು ಸುತ್ತಿನ ನಂತರ ನನಗೆ ಅನುಮಾನ ಬಂತು. ಜೇಬಿನಲ್ಲಿ ಸದಾ ಇರುವ ಅಳತೆ ಟೇಪು ತೆಗೆದು ಕೂತು ಅಳೆದೆ.

"ಉಸ್ತಾದ್, ಇದು ಎಪ್ಪತ್ತೆರಡೇ ಇದೆ."

"ಸ್ವಾಮಿ ನಡಿಬೇಕು."

"ಇಲ್ಲಿ ಎಪ್ಪತ್ತೇಳು. ಸರಾಸರಿ ಸರಿಹೋಗಬಹುದು, ಆದರೆ..."

"ಟೇಪ್ ಕೆಳಗಿಡು!"

ಅವನು ನನಗೆ ಏಕವಚನ ಬಳಸಿದ್ದು ಅದೊಂದೇ ಸಲ. ನಾನು ಟೇಪು ಕೆಳಗಿಟ್ಟೆ. ಆಶ್ಚರ್ಯವೆಂದರೆ ಅಂದಿನಿಂದ ಹೆಜ್ಜೆ ಉದ್ದವಾಗತೊಡಗಿತು. ಬಹುಶಃ ಕಾಲಿಗೆ ಗೆರೆ ಬೇಕಿರಲಿಲ್ಲ, ತಲೆ ಸುಮ್ಮನಾಗುವುದು ಬೇಕಿತ್ತು. ಕಣ್ಣು ಮೇಲೆದ್ದಿತು. ಎಡಬಲ ನೋಡದೆ, ಮುಂದಿನವನ ಬೆನ್ನನ್ನೋ ದೂರದ ಮರವನ್ನೋ ಹಿಡಿದು ನಡೆಯುವುದು ರೂಢಿಯಾಯಿತು.

ಪರೀಕ್ಷೆಯ ದಿನ ಬಂತು. ಪ್ರತಿ ವರ್ಷ ನಡಿಗೆ ಕೆರೆಯ ಏರಿಯ ಮೇಲೆ ನಡೆಯುತ್ತಿತ್ತಂತೆ. ಆ ಸಲ ಪೈಪು ಹಾಕಲು ಏರಿಯ ರಸ್ತೆ ಅಗೆದಿದ್ದರು. ಆದ್ದರಿಂದ ಕೊನೆಗಳಿಗೆಯಲ್ಲಿ ದಾರಿ ಬದಲಿಸಿ, ರೈಲುಮಾರ್ಗ ದಾಟಿ ಹೋಗುವ ಒಂದು ಹಳ್ಳಿರಸ್ತೆಯನ್ನು ಗೊತ್ತುಮಾಡಿದರು. ದಾಟುವ ಜಾಗದಲ್ಲಿ ಒಂದು ಲೆವೆಲ್ ಕ್ರಾಸಿಂಗ್. ಆ ಗೇಟು ನನ್ನ ಸೆಕ್ಷನ್ನಿಗೆ ಸೇರಿದ್ದು.

ಬೆಳಗಿನ ತಂಪಿನಲ್ಲಿ ಹೊರಟೆವು. ಚೆನ್ನೈನ ಮೇ ತಿಂಗಳಲ್ಲಿ ತಂಪು ಎಂಬುದು ಸೂರ್ಯ ಹುಟ್ಟುವ ಮೊದಲಿನ ಒಂದು ವದಂತಿ, ಅಷ್ಟೇ. ಡೇವಿಡ್ ನನ್ನ ಪಕ್ಕದಲ್ಲಿದ್ದ. ಅವನ ಉಸಿರು ನನಗೆ ತಾಳ ಹಾಕುತ್ತಿತ್ತು. ಮೊದಲ ಬಾರಿಗೆ ನಾನು ಹಿಂದೆ ಬೀಳಲಿಲ್ಲ; ಸ್ಕ್ವಾಡಿನ ನಡುವೆ, ಆಮೇಲೆ ನಡುವಿಗಿಂತ ಮುಂದೆ. ಏಳನೆಯ ಕಿಲೋಮೀಟರಿನ ಹತ್ತಿರ ಗೇಟು ಬಂತು. ತೆರೆದಿತ್ತು. ಯಾರೋ ಪಕ್ಕದಲ್ಲಿ ಸೆಟೆದು ನಿಂತು ಸೆಲ್ಯೂಟ್ ಹೊಡೆದಂತೆ ಕಣ್ಣಂಚಿಗೆ ತೋರಿತು. ನಾನು ತಿರುಗಲಿಲ್ಲ. ಕಲಿಸಿದ ಹಾಗೆ ಮುಂದೆ ನೋಡುತ್ತಾ ದಾಟಿಬಿಟ್ಟೆ.

ಮುಗಿಸಿದಾಗ ಇನ್ನೂ ಏಳು ನಿಮಿಷ ಬಾಕಿ ಇತ್ತು. ಗಡಿಯಾರ ಹಿಡಿದ ಮಾದೇವ ಅದನ್ನು ಎರಡು ಸಲ ನೋಡಿಕೊಂಡ. ಮುಖದಲ್ಲಿ ಏನೂ ತೋರಿಸಲಿಲ್ಲ, ಮೀಸೆ ಮಾತ್ರ ಒಂದಿಷ್ಟು ಅಗಲವಾಯಿತು.

ಹಿಂದಿನವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವರಲ್ಲಿ ಮೂವರು ಸಮಯ ಮೀರಿದ್ದರು, ಮೂವರಿಗೂ ವಿಪರೀತ ಸಿಟ್ಟು. ಗೇಟು ಬಿದ್ದುಬಿಟ್ಟಿತಂತೆ. ಒಂದು ರೈಲು ಹೋಯಿತಂತೆ, ತೆಗೆಯುವಷ್ಟರಲ್ಲಿ ಎದುರುಗಡೆಯಿಂದ ಇನ್ನೊಂದು ಬಂತಂತೆ. ಅವರ ಪೈಕಿ ವೆಲ್ಡರ್ ಕುಮಾರ್, "ನಾವು ಓಡೋಡಿ ಬರೋದು ನೋಡ್ಕೊಂಡೇ ಮುಚ್ಚಿದ!" ಎಂದು ಚೀಲ ಬಿಸಾಡಿದ. ಆಗ ಡೇವಿಡ್, ನೆಲದ ಮೇಲೆ ಅಂಗಾತ ಮಲಗಿದ್ದವನು, ಲೋಕದ ಬಗ್ಗೆ ತುಂಬಿದ ಪ್ರೀತಿಯಿಂದ ಹೇಳಿದ:

"ಗೇಟ್‌ಮನ್ ಸೂಪರ್ ಆಳು ಸಾರ್. ಸಿಗ್ನಲ್ ಹತ್ರ ಟ್ರೈನ್ ನಿಂತಿತ್ತಲ್ಲ, ಆದ್ರೂ ನಿಮಗೋಸ್ಕರ ಮುಚ್ಚದೆ ಕಾದ್ರು."

ಮಾದೇವ ನನ್ನ ಮುಖ ನೋಡಿದ. ನಾನು ಅವನ ಫೋನು ಕೇಳಿ ತೆಗೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ, ಗೇಟಿಗೆ ಕರೆ ಮಾಡಿದೆ.

ಗೇಟ್‌ಮನ್ ಏಕಾಂಬರಂ ನಿವೃತ್ತಿಗೆ ಹತ್ತಿರದ ಹಿರಿಯರು. ಅವರ ತಮಿಳನ್ನು ಕನ್ನಡದಲ್ಲೇ ಹೇಳುತ್ತೇನೆ, ಮೊದಲ ಮಾತೊಂದನ್ನು ಬಿಟ್ಟು. ನನ್ನ ದನಿ ಕೇಳಿದ್ದೇ ತಡ ಅವರು ಕೇಳಿದ್ದು, "ಪಾಸ್ ಆಯಿಟ್ಟೀಂಗಳಾ ಸಾರ್?" ಪಾಸಾದಿರಾ ಎಂದು.

"ಏಕಾಂಬರಂ, ನಾವು ಬರೋ ಹೊತ್ತಿಗೆ ಗೇಟು ಹಾಕಿರಬೇಕಿತ್ತಾ?"

"ಸ್ಟೇಷನ್ ಮಾಸ್ಟರ್ ಫೋನ್ ಮಾಡಿದ್ರು ಸಾರ್. ಅಷ್ಟರಲ್ಲಿ ನೀವು ಬರೋದು ಕಾಣಿಸ್ತು. ಬೆನ್ನ ಮೇಲೆ ಮೂಟೆ ಹೊತ್ಕೊಂಡು ಬರ್ತಿದ್ರಿ. ನೋಡೋಕೆ ಆಗಲಿಲ್ಲ. ವಾಹನ ಜಾಸ್ತಿ ಇದೆ, ಎರಡು ನಿಮಿಷ ಅಂದೆ. ನೀವು ದಾಟಿದ ತಕ್ಷಣ ಹಾಕಿಬಿಟ್ಟೆ."

ಇಲ್ಲೊಂದು ವಿವರಣೆ ಅಗತ್ಯ. ಅಂಥ ಗೇಟು ಮುಚ್ಚಿ ಬೀಗ ಬಿದ್ದ ಹೊರತು ರೈಲಿಗೆ ಹಸಿರು ದೀಪ ಸಿಗದು. ಆದ್ದರಿಂದ ಅಪಾಯವೇನೂ ಇರಲಿಲ್ಲ. ಆದರೆ ಬೆಳಗಿನ ಪಾಳಿಗೆ ಹೊರಟ ಜನರಿಂದ ತುಂಬಿದ ಒಂದು ರೈಲು, ಒಬ್ಬ ಬೋಳುತಲೆಯ ರಿಕ್ರೂಟ್ ದಾಟಿಹೋಗಲಿ ಎಂದು ಕೆಂಪು ದೀಪದ ಮುಂದೆ ಎರಡು ನಿಮಿಷ ನಿಂತಿತ್ತು. ಇಷ್ಟು ಮರ್ಯಾದೆ ಮಂತ್ರಿಗಳಿಗೂ ಸುಲಭಕ್ಕೆ ಸಿಗುವುದಿಲ್ಲ. ಆ ಗೌರವ ಸ್ವೀಕರಿಸಿದ ನಾನು ರೈಲಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಕಂಪನಿ ಕಮಾಂಡರ್ ಮೇಜರ್ ಸಾಹೇಬರು ಬಂದು ಎಲ್ಲವನ್ನೂ ಕೇಳಿಸಿಕೊಂಡರು. ಲೆಕ್ಕ ಮಾಡುವುದರಲ್ಲಿ ಅವರು ಚುರುಕು. ಗೇಟಿನಲ್ಲಿ ನಿಂತ ಹೊತ್ತನ್ನು ಆ ಮೂವರ ಸಮಯದಿಂದ ಕಳೆದರು, ಮೂವರೂ ಪಾಸು. ಇನ್ನು ನಾನು. ಗೇಟು ಸರಿಯಾದ ಹೊತ್ತಿಗೆ ಬಿದ್ದು ನಾನು ಕಾದಿದ್ದರೂ ಆ ಹೊತ್ತನ್ನು ಹಾಗೇ ಕಳೆಯುತ್ತಿದ್ದರು, ಅಲ್ಲಿಗೆ ನಾನೂ ಪಾಸು. ಎಲ್ಲಿಯೂ ತಪ್ಪಿಲ್ಲದ ಲೆಕ್ಕ. ಎಲ್ಲರೂ ಉಸಿರು ಬಿಟ್ಟರು, ಮಾದೇವನೊಬ್ಬನನ್ನು ಬಿಟ್ಟು. ಅವನು ಮುಂದೆ ಬಂದು ಸೆಲ್ಯೂಟ್ ಹೊಡೆದ. ಮೇಜರ್ ಮೈಸೂರಿನ ಕಡೆಯವರೇ ಆದ್ದರಿಂದ ಕನ್ನಡದಲ್ಲೇ ಹೇಳಿದ.

"ಲೆಕ್ಕ ಸರಿಯಾಗದೆ ಸಾಬ್. ಆದ್ರೆ ಇವರೆಲ್ಲ ನಾಳೆ ಮನೆಗೋಗಿ ಗೇಟಿನ ಕತೆ ಹೇಳ್ತಾರೆ, ಲೆಕ್ಕ ಹೇಳಲ್ಲ. ಸ್ವಾಮಿ ಇನ್ನೊಂದ್ಸಲ ನಡಿಬೇಕು. ಗೇಟಿಲ್ದಿರೋ ದಾರೀಲಿ."

ಮೇಜರ್ ಹುಬ್ಬೇರಿಸಿದರು. "ಈ ಕಾಲಲ್ಲಿ? ಸಮಯ ತಪ್ಪಿದರೆ?"

"ತಪ್ಪಿದ್ರೆ ಫೇಲು ಸಾಬ್."

ಅವರು ನನ್ನ ಕಡೆ ತಿರುಗಿದರು. "ನಿಯಮದಲ್ಲಿ ನೀವು ಪಾಸಾಗಿದ್ದೀರಿ. ಒತ್ತಾಯ ಇಲ್ಲ. ನಿಮ್ಮಿಷ್ಟ."

ಬೂಟಿನೊಳಗೆ ಎರಡೂ ಹಿಮ್ಮಡಿ ಒದ್ದೆಯಾಗಿದ್ದವು. ಅದು ಬೆವರಲ್ಲ ಎಂದು ನನಗೆ ತಿಳಿದಿತ್ತು. ನಿಯಮ ನನ್ನ ಕಡೆಗಿದೆ. ನಿಯಮವನ್ನು ಗೌರವಿಸುವುದು ನನ್ನ ವೃತ್ತಿ. ಪಾಸಾದವನು ಮತ್ತೆ ಪರೀಕ್ಷೆಗೆ ಕೂರುವುದು ಒಂದು ಬಗೆಯ ಅಹಂಕಾರವೇ ಅಲ್ಲವೇ ಎಂದೆಲ್ಲ ಒಂದು ಸೊಗಸಾದ ವಾದ ಮನಸ್ಸಿನಲ್ಲಿ ಸಿದ್ಧವಾಗುತ್ತಿತ್ತು. ಬಾಯಿ ತೆರೆದೆ. ಹೊರಬಿದ್ದದ್ದು ಅಷ್ಟು ದಿನಗಳಿಂದ ಆ ಬಾಯಿಗೆ ಅಭ್ಯಾಸ ಮಾಡಿಸಿದ್ದ ಎರಡೇ ಶಬ್ದ.

"ಜೀ, ಉಸ್ತಾದ್."

ಡೇವಿಡ್‌ನ ಪ್ರಶ್ನೆಯೂ ಬಂತು. ಅವನೂ ಅದೇ ಗೇಟು ದಾಟಿದವನು. "ಗೇಟು ಕಾದದ್ದು ಸಾರ್‌ಗೆ. ನಾನು ಪಕ್ಕದಲ್ಲಿ ಇದ್ದೆ, ಅಷ್ಟೇ. ಟಿಕೆಟ್ ಅವರದು, ನಾನು ಪ್ಲಾಟ್‌ಫಾರ್ಮಿಗೆ ಬಂದವನು," ಎಂದು ವಾದಿಸಿ ಗೆದ್ದ. ಮೇಜರ್ ನಕ್ಕುಬಿಟ್ಟದ್ದರಿಂದ ಮೇಲ್ಮನವಿ ಇರಲಿಲ್ಲ.

ಮಾರನೆಯ ಬೆಳಿಗ್ಗೆ ನಾನೊಬ್ಬನೇ ಹೊರಟೆ. ದಾರಿ ಎಂದರೆ ಶಿಬಿರದ ಬೇಲಿಯ ಒಳಗಿನ ಸುತ್ತುರಸ್ತೆ. ಹತ್ತು ಕಿಲೋಮೀಟರ್ ಆಗುವವರೆಗೆ ಸುತ್ತುತ್ತಿರಬೇಕು. ಗಡಿಯಾರವನ್ನು ಮಾದೇವ ಮುಟ್ಟಲಿಲ್ಲ. ಬೇರೆ ಸ್ಕ್ವಾಡಿನ ಇಬ್ಬರು ಹವಾಲ್ದಾರರ ಕೈಗೆ ಕೊಟ್ಟು, ತಾನು ಅವರಿಂದ ದೂರವಾಗಿ, ಆಚೆ ತುದಿಯ ಬೇವಿನ ಮರದ ಬಳಿ ಹೋಗಿ ನಿಂತ. ಸ್ಕ್ವಾಡಿನವರೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಚಹಾದ ಲೋಟ ಹಿಡಿದು ಸಾಲಾಗಿ ಕೂತಿದ್ದರು. ಒಬ್ಬ ಮನುಷ್ಯ ಮೂಟೆ ಹೊತ್ತು ಸುತ್ತುವುದನ್ನು ಇಪ್ಪತ್ತೊಂದು ಜನ ಚಹಾ ಕುಡಿಯುತ್ತಾ ನೋಡುವುದು ಯಾವ ತರಬೇತಿ ಕೈಪಿಡಿಯಲ್ಲೂ ಇಲ್ಲದ ಪರೀಕ್ಷೆ.

ಮೊದಲರ್ಧ ಚೆನ್ನಾಗಿಯೇ ಹೋಯಿತು. ಆಮೇಲೆ ಹಿಮ್ಮಡಿ ಊರಲಾಗದೆ ಹೆಜ್ಜೆ ತಾನಾಗಿ ಗಿಡ್ಡವಾಯಿತು. ಗಿಡ್ಡವಾದ ಹೆಜ್ಜೆ ನೇರವಾಗಿ ತನ್ನ ಹಳೆಯ ಮನೆಗೆ, ಅರವತ್ತು ಸೆಂಟಿಮೀಟರಿಗೆ ಹೋಗಿ ಕೂತಿತು. ತಲೆ ತಗ್ಗಿತು. ಡಾಂಬರಿನ ಮೇಲೆ ಸ್ಲೀಪರ್‌ಗಳು ಕಾಣತೊಡಗಿದವು.

ಬೇವಿನ ಮರದ ತಿರುವಿಗೆ ಬಂದೆ. ಮಾದೇವ ಏನೂ ಹೇಳುವಂತಿರಲಿಲ್ಲ. ತಾಳ ಹಾಕಿಕೊಟ್ಟರೂ ಅದು ನೆರವು ಅನ್ನಿಸಿಕೊಳ್ಳುತ್ತದೆ. ಅವನು ಕೈ ಹಿಂದೆ ಕಟ್ಟಿ, ನನ್ನ ತಲೆಯ ಮೇಲಿಂದ ಎಲ್ಲೋ ನೋಡುತ್ತಾ ನಿಂತಿದ್ದ. ಆದರೆ ಮೀಸೆಯ ಕೆಳಗೆ ತುಟಿ ಅಲ್ಲಾಡುತ್ತಿತ್ತು. ದನಿಯಿಲ್ಲದೆ ಹೆಜ್ಜೆ ಎಣಿಸುತ್ತಿದ್ದ. ನನ್ನ ಹೆಜ್ಜೆಗಳನ್ನಲ್ಲ, ನಾನು ಹಾಕಬೇಕಾದ ಹೆಜ್ಜೆಗಳನ್ನು. ಅವನು ನನಗೆ ತೋರಿಸಲೆಂದು ಹಾಗೆ ಮಾಡಿದನೆಂದು ನಾನು ಇವತ್ತಿಗೂ ಹೇಳಲಾರೆ. ಅವನಿಗೇ ಅದು ಗೊತ್ತಿರಲಿಲ್ಲ ಅನ್ನಿಸುತ್ತದೆ. ಅವನ ಭಯ ನನ್ನದಕ್ಕಿಂತ ದೊಡ್ಡದು ಎಂದು ಆಗ ಹೊಳೆಯಿತು. ನಾನು ಸೋತರೆ ಮನೆಗೆ ಹೋಗಿ ಚಕ್ಕುಲಿ ತಿನ್ನುತ್ತೇನೆ. ಪಾಸಾದವನನ್ನು ಮತ್ತೆ ನಡೆಸಿ ಸೋಲಿಸಿದವನು ಎಂಬ ಮಾತನ್ನು ಅವನು ಪ್ರತಿ ಶಿಬಿರದಲ್ಲೂ ಕೇಳಬೇಕು.

ತಲೆ ಎತ್ತಿದೆ. ಹಿಮ್ಮಡಿ ಊರಿದೆ. ಮುಂದಿನ ಸುತ್ತುಗಳ ವಿವರ ನೆನಪಿಲ್ಲ. ಕೊನೆಯ ಸುತ್ತಿನಲ್ಲಿ ಡೇವಿಡ್ ಕಟ್ಟೆಯಿಂದಿಳಿದು, ಚಹಾದ ಲೋಟ ಕೈಯಲ್ಲಿ ಹಿಡಿದೇ, ಬೇಲಿಯ ಪಕ್ಕದಲ್ಲಿ ಒಂದಷ್ಟು ದೂರ ಬಂದದ್ದು, ಯಾರೋ ಅವನನ್ನು ಗದರಿಸಿ ಕೂರಿಸಿದ್ದು ಮಾತ್ರ ನೆನಪಿದೆ.

ಒಂದು ನಿಮಿಷ ಬಾಕಿ ಇರುವಾಗ ಗೆರೆ ದಾಟಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ವೆಲ್ಡರ್ ಕುಮಾರ್ ಬಂದು ಬೆನ್ನಿನ ಚೀಲ ಇಳಿಸಿಕೊಂಡ. "ಸಾಮಿ, ಮೊದಲು ಶೂ ಬಿಚ್ಚು," ಎಂದು ನೆಲದ ಮೇಲೆ ಕೂತು ತಾನೇ ಲೇಸು ಸಡಿಲಿಸಿದ. ಅಲ್ಲಿಯವರೆಗೆ ಅವರೆಲ್ಲ, ಉಸ್ತಾದ್ ಎಷ್ಟು ಬೈದರೂ, ನನ್ನನ್ನು ಸಾರ್ ಎಂದೇ ಕರೆಯುತ್ತಿದ್ದರು. ಆ ಬೆಳಗಿನಿಂದ ಸಾಮಿಯಾದೆ. ಪ್ರಮಾಣವಚನದ ದಿನ ಕೈ ಮುಂದೆ ಚಾಚಿ ಹೇಳಿದ ಮಾತುಗಳಿಗಿಂತ ಅದೇ ನನಗೆ ನೇಮಕಾತಿಯಂತೆ ಕಂಡಿತು.

ಶಿಬಿರ ಮುಗಿಸಿ ಕಚೇರಿಗೆ ಬಂದಾಗ ಮೇಜಿನ ಮೇಲೆ ಎರಡು ವಿಷಯಗಳು ಕಾದಿದ್ದವು. ಮೊದಲನೆಯದು ಮಾದೇವನ ಪರೀಕ್ಷೆ. ಅದನ್ನು ಬೇರೊಬ್ಬ ಇಂಜಿನಿಯರ್ ನಡೆಸಲಿ ಎಂದು ಬರೆದುಕೊಟ್ಟೆ. ಅವರು ನಡೆಸಿದರು, ಅವನು ಮೇಟ್ ಆದ. ನಾನೇ ನಡೆಸಿದ್ದರೆ, ಅನುಮಾನಕ್ಕೆ ಎಡೆಯಾಗಬಾರದೆಂದು ಇಲ್ಲದ ಪ್ರಶ್ನೆ ಕೇಳಿ ಅವನನ್ನು ಫೇಲು ಮಾಡುತ್ತಿದ್ದೆನೇನೋ.

ಎರಡನೆಯದು ಆ ಎರಡು ನಿಮಿಷ. ರೈಲು ಎಲ್ಲಿ ಎಷ್ಟು ನಿಂತರೂ ಯಾರೋ ಒಬ್ಬರು ಕಾರಣ ಹೇಳಬೇಕು. ನಾನು ಇದ್ದದ್ದನ್ನೇ ಬರೆದೆ: ಗೇಟು ತಡವಾಯಿತು, ಕಾರಣ ಸೆಕ್ಷನ್ ಇಂಜಿನಿಯರ್ ನಡೆದುಹೋಗುತ್ತಿದ್ದರು. ಮೇಲಧಿಕಾರಿ ಫೋನು ಮಾಡಿ, "ಏನ್ರೀ ಇದು, ತಮಾಷೆನಾ?" ಎಂದರು. "ಇಲ್ಲ ಸಾರ್, ನಾನೇ ಅದು," ಎಂದೆ.

ಏಕಾಂಬರಂ ಅವರನ್ನು ನಾನೇ ಹೋಗಿ ಕಂಡೆ. ಎಚ್ಚರಿಕೆ ಕೊಡಲೇಬೇಕಿತ್ತು, ಕೊಟ್ಟೆ. ಅವರು ಕೈಯಲ್ಲಿದ್ದ ಹಸಿರು ಬಾವುಟವನ್ನು ಸುತ್ತುತ್ತಾ ಕೇಳಿಸಿಕೊಂಡರು.

"ನಾನು ನಿಮ್ಮ ಹತ್ರ ಏನೂ ಕೇಳ್ಕೊಂಡು ಮಾಡಿದ್ದಲ್ಲ ಸಾರ್."

"ಗೊತ್ತು."

"ನೀವೂ ಕೇಳಿರಲಿಲ್ಲ."

"ಅದೇ ಕಷ್ಟ ಏಕಾಂಬರಂ. ಕೇಳಿದ್ರೆ ನನಗೆ ಗೊತ್ತಾಗ್ತಿತ್ತು."

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಬಟ್ಟೆ ಕಳಚಿ, ತಲೆ ಬೋಳಿಸಿ, ಹೆಸರನ್ನು ಅರ್ಧ ಮಾಡಿದರೂ ಹುದ್ದೆ ಮೈಮೇಲಿಂದ ಇಳಿಯುವುದಿಲ್ಲ. ಅದು ನಮಗಿಂತ ಹತ್ತು ಹೆಜ್ಜೆ ಮುಂದೆ ನಡೆದುಹೋಗಿ ದಾರಿ ಬಿಡಿಸುತ್ತಿರುತ್ತದೆ. ನಾವು ನಮ್ಮ ಕಾಲಿನ ಬಲದಿಂದ ಬಂದೆವೆಂದುಕೊಂಡಿರುತ್ತೇವೆ, ಬಂದಿರುತ್ತೇವೆ ಕೂಡ. ಆದರೆ ಬೆನ್ನ ಹಿಂದೆ ಯಾರ ಮೇಲೆ ಗೇಟು ಬಿತ್ತೆಂದು ತಿರುಗಿ ನೋಡುವುದು ಯಾವ ಕವಾಯತಿನಲ್ಲೂ ಇಲ್ಲ. ಅದಕ್ಕೆ ಹುದ್ದೆಯಲ್ಲಿರುವವನು ಆಗಾಗ ಅದೇ ದೂರವನ್ನು ಎರಡನೆಯ ಸಲ ನಡೆದು ನೋಡಬೇಕು.

ಆ ಗೇಟಿನ ಮೂಲಕ ನಾನು ಈಗಲೂ ವಾರಕ್ಕೊಮ್ಮೆಯಾದರೂ ಹೋಗುತ್ತೇನೆ. ಏಕಾಂಬರಂ ನಿವೃತ್ತರಾಗುವವರೆಗೂ ಒಂದು ವ್ರತ ಪಾಲಿಸಿದರು. ದೂರದಲ್ಲಿ ನನ್ನ ಜೀಪು ಕಂಡರೆ, ರೈಲು ಬರುವುದಿದ್ದರೆ, ಒಂದು ಕ್ಷಣವೂ ತಡಮಾಡದೆ ಗೇಟು ಬೀಳಿಸಿ, ಬೀಗ ಹಾಕಿ, ಆಮೇಲೆ ನನ್ನತ್ತ ತಿರುಗಿ ನಿಧಾನವಾಗಿ, ಅಚ್ಚುಕಟ್ಟಾಗಿ ಒಂದು ಸೆಲ್ಯೂಟ್ ಹೊಡೆಯುತ್ತಿದ್ದರು. ನಾನು ಜೀಪಿನಿಂದಿಳಿದು, ಹಾಲಿನ ಕ್ಯಾನು ಕಟ್ಟಿದ ಬೈಕುಗಳ ನಡುವೆ ಸಾವಧಾನವಾಗಿ ನಿಂತು, ಅದನ್ನು ಸ್ವೀಕರಿಸಿ, ರೈಲು ಹೋಗುವವರೆಗೆ ಕಾಯುತ್ತಿದ್ದೆ.